ವಜಾಗೊಂಡ ದಾವೆ ಮತ್ತು ಬಡವರ ಹಕ್ಕು

ದಾವೆ ವಜಾ ಆಯಿತೆಂಬ ಮಾತು ಕಿವಿಗೆ ಬಿದ್ದೊಡನೆ ತನ್ನ ಹಕ್ಕೇ ಮುಗಿಯಿತೆಂದು ತಿಳಿದು ಸುಮ್ಮನಾಗುವ ಬಡವರು ನಮ್ಮ ನಡುವೆ ಹಲವರಿದ್ದಾರೆ. ತವರಿನ ಆಸ್ತಿಯಲ್ಲಿ ಪಾಲು ಕೇಳಿದ ವಿಧವೆಯಾಗಲಿ, ಕೊಟ್ಟ ಸಾಲ ಮರಳಿ ಬಾರದ ಮುದುಕನಾಗಲಿ, ಮತ್ತೊಮ್ಮೆ ಹೂಡೋಣವೆಂದರೆ ನ್ಯಾಯಾಲಯ ಶುಲ್ಕಕ್ಕೆ ಹಣವಿಲ್ಲವೆಂದು ಕೈಚೆಲ್ಲುತ್ತಾರೆ. ಇಂಥವರು ಶುಲ್ಕದ ಚಿಂತೆಗಿಂತ ಮೊದಲು ವಜಾ ಆದ ಬಗೆಯನ್ನು ಅರಿಯಬೇಕೆಂಬುದೇ ನಾವು ಇಲ್ಲಿ ಹೇಳಬಯಸುವ ಮಾತು.

ವಜಾ ಎಂಬುದು ಒಂದೇ ಬಗೆಯದಲ್ಲ. ಪ್ರತಿವಾದಿ ಹಾಜರಿದ್ದು ವಾದಿ ಗೈರುಹಾಜರಾದ ಕಾರಣ ದಾವೆ ವಜಾ ಆಗಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 9ನೆಯ ನಿಯಮದಂತೆ ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ. ಆದರೆ ಗೈರುಹಾಜರಿಗೆ ತಕ್ಕ ಕಾರಣ ತೋರಿಸಿ, ಹಳೆಯ ದಾವೆಯನ್ನೇ ಪುನಃ ಸ್ಥಾಪಿಸಬೇಕೆಂದು ಅರ್ಜಿ ಕೊಡಬಹುದು. 1963ರ ಕಾಲಮಿತಿ ಅಧಿನಿಯಮದಂತೆ ಇದಕ್ಕೆ ವಜಾ ಆದ ದಿನದಿಂದ 30 ದಿನಗಳ ಅವಧಿಯುಂಟು. ತಡವಾದರೆ ಸಕಾರಣ ತೋರಿಸಿ ಮನ್ನಣೆ ಬೇಡಬಹುದು. ದಾವೆ ಮರಳಿ ಸ್ಥಾಪಿತವಾದರೆ ಹಿಂದೆ ಕಟ್ಟಿದ ಶುಲ್ಕವೇ ಸಲ್ಲುವುದರಿಂದ ಬಡವನಿಗೆ ಇದೇ ಹಗುರವಾದ ದಾರಿ.

ಇಬ್ಬರೂ ಗೈರುಹಾಜರಾಗಿದ್ದಾಗ, ಇಲ್ಲವೆ ಸಮನ್ಸ್ ಜಾರಿಯ ವೆಚ್ಚ ಕಟ್ಟದೆ ವಜಾ ಆದಾಗ, ಹೊಸ ದಾವೆಗೂ ಅವಕಾಶವುಂಟು. ಶುಲ್ಕ ಸಾಲದೆಂದು ವಾದಪತ್ರ ತಿರಸ್ಕೃತವಾಗಿದ್ದರೂ 7ನೆಯ ಆದೇಶದ 13ನೆಯ ನಿಯಮದಂತೆ ಹೊಸ ವಾದಪತ್ರಕ್ಕೆ ಅದೊಂದೇ ಅಡ್ಡಿಯಾಗದು. ಆದರೆ ಕಾಲಮಿತಿ ಮೀರಿರಬಾರದು. ಸಾಲದ ಹಣಕ್ಕೆ ಅದು ಸಾಮಾನ್ಯವಾಗಿ 3 ವರ್ಷ. ಸಾಕ್ಷ್ಯ, ವಾದಗಳನ್ನು ಕೇಳಿ ತೀರ್ಪಿತ್ತು ವಜಾ ಮಾಡಿದ್ದರೆ ಉಳಿದದ್ದು ಮೇಲ್ಮನವಿಯೊಂದೇ, ಹೊಸ ದಾವೆಯಲ್ಲ. ಆದ್ದರಿಂದ ವಜಾ ಆಜ್ಞೆಯ ದೃಢೀಕೃತ ನಕಲನ್ನು ಪಡೆದು ಬಲ್ಲವರಿಂದ ಓದಿಸುವುದೇ ಮೊದಲ ಕೆಲಸ.

ಇನ್ನು ಶುಲ್ಕದ ಮಾತು. ಶುಲ್ಕ ಕಟ್ಟಲು ಸಾಕಷ್ಟು ಅನುಕೂಲವಿಲ್ಲದವನು ಸಂಹಿತೆಯ 33ನೆಯ ಆದೇಶದಂತೆ ನಿರ್ಗತಿಕನಾಗಿ ದಾವೆ ಹೂಡಲು ಅನುಮತಿ ಬೇಡಬಹುದು. ಜಪ್ತಿಗೆ ಒಳಪಡದ ಉಡುಪು, ಅಡಿಗೆ ಪಾತ್ರೆ, ಕಸುಬಿನ ಸಲಕರಣೆಗಳನ್ನಾಗಲಿ, ದಾವೆಯ ವಿಷಯವಾದ ಆಸ್ತಿಯನ್ನಾಗಲಿ ಇಲ್ಲಿ ಲೆಕ್ಕಕ್ಕೆ ಹಿಡಿಯರು. ಅರ್ಜಿದಾರನು ತನ್ನ ಆಸ್ತಿಯ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಕೊಡಬೇಕು. ಎದುರು ಪಕ್ಷಕ್ಕೂ ಸರಕಾರಿ ವಕೀಲರಿಗೂ ನೋಟೀಸು ಹೋಗಿ ವಿಚಾರಣೆ ನಡೆಯುತ್ತದೆ. ಅರ್ಜಿಗೆ ಹಿಂದಿನ 2 ತಿಂಗಳೊಳಗೆ ಕಪಟದಿಂದ ಆಸ್ತಿ ಪರಭಾರೆ ಮಾಡಿದವನಿಗೆ ಅನುಮತಿ ಸಿಗದು. ಅನುಮತಿ ನಿರಾಕೃತವಾದರೂ ನ್ಯಾಯಾಲಯವು ಶುಲ್ಕ ಕಟ್ಟಲು ಸಮಯ ಕೊಡಬಹುದು. ಆ ಸಮಯದೊಳಗೆ ಕಟ್ಟಿದರೆ, ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದಂತೆ ಎಣಿಕೆಯಾಗುತ್ತದೆ.

ಅನುಮತಿಯೆಂದರೆ ಶುಲ್ಕದ ಮಾಫಿಯಲ್ಲ, ಮುಂದೂಡಿಕೆ ಮಾತ್ರ. ವಾದಿ ಗೆದ್ದರೆ ಆ ಶುಲ್ಕವು ದಾವೆಯ ಆಸ್ತಿಯ ಮೇಲೆ ಮೊದಲ ಋಣವಾಗಿ ನಿಲ್ಲುತ್ತದೆ. ಸೋತರೆ ವಾದಿಯೇ ಕಟ್ಟಬೇಕಾಗುತ್ತದೆ. ಇದನ್ನು ಅರಿತೇ ಹೆಜ್ಜೆಯಿಡಬೇಕು.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಇನ್ನೊಂದು ಆಸರೆ. ಇದರ 12ನೆಯ ಪ್ರಕರಣದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿಯುಂಟು. ವಕೀಲರ ನೇಮಕವಷ್ಟೇ ಅಲ್ಲ, ನ್ಯಾಯಾಲಯ ಶುಲ್ಕದ ಪಾವತಿಯೂ ಈ ನೆರವಿನಲ್ಲಿ ಸೇರಿದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು.

ಬಡತನವನ್ನು ನ್ಯಾಯಾಲಯದ ಮುಂದೆ ಹೇಳಿಕೊಳ್ಳುವುದು ಅವಮಾನವೆಂದು ಹಲವರು ಹಿಂಜರಿಯುತ್ತಾರೆ. ಕಾನೂನೇ ತೆರೆದಿಟ್ಟ ಬಾಗಿಲನ್ನು ತಟ್ಟುವುದರಲ್ಲಿ ನಾಚಿಕೆಯೇನಿದೆ? ಕುಟುಂಬದಲ್ಲಿ ಓದುಬರಹ ಬಲ್ಲವರು ಇಂಥ ಸೋದರಿಯರ ಜೊತೆ ಒಂದು ದಿನ ನ್ಯಾಯಾಲಯಕ್ಕೆ ನಡೆದು ಆ ನಕಲನ್ನು ಪಡೆದುಕೊಡಲಿ. ಕಾಲಮಿತಿ ಯಾರಿಗಾಗಿಯೂ ಕಾಯುವುದಿಲ್ಲ.