ಕನ್ನಡಕ್ಕೆ ತಕ್ಕ ಹತಾರ ಹುಡುಕಿದವರು

ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದೆಂದು ವಿದ್ವಾಂಸರು ಗುರುತಿಸಿರುವ ಈ ಶಾಸನದಲ್ಲಿ ಕನ್ನಡದ ತ್ರಿಪದಿಗಳಿವೆ. ಅದನ್ನು ಕೊರೆದವನ ಕೈಯಲ್ಲಿದ್ದುದು ಉಳಿ ಮತ್ತು ಸುತ್ತಿಗೆ. ಕಾಗುಣಿತವಿರಲಿ, ಒತ್ತಕ್ಷರವಿರಲಿ, ಉಳಿ ಬೇಕಾದತ್ತ ತಿರುಗುತ್ತಿತ್ತು. ಅದೇ ಅಕ್ಷರಗಳನ್ನು ಯಂತ್ರದಿಂದ ಮೂಡಿಸಹೊರಟಾಗ ತೊಡಕು ಶುರುವಾಯಿತು.

ತೊಡಕು ಎಂಥದು ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಕನ್ನಡದಲ್ಲಿ 34 ವ್ಯಂಜನಗಳು, 13 ಸ್ವರಗಳು. ಇವುಗಳ ಗುಣಿತಾಕ್ಷರಗಳೇ 442. ಪ್ರತಿಯೊಂದಕ್ಕೂ ಒಂದೊಂದು ಒತ್ತು ಸೇರಿಸುತ್ತ ಹೋದರೆ 15,028! ಇವೆಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೆ ಬೆರಳಚ್ಚು ಯಂತ್ರದಲ್ಲಿ ಇದ್ದ ಕೀಲಿಗಳು ಐವತ್ತಕ್ಕೂ ಕಡಿಮೆ. ಹೀಗಾಗಿ ಅಕ್ಷರವನ್ನು ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ತುಂಡು ಮಾಡಿ ಜೋಡಿಸಬೇಕಾಯಿತು. ಬೆರಳಚ್ಚುಗಾರ ನೆನಪಿಡಬೇಕಾದದ್ದು ಅಕ್ಷರದ ಉಚ್ಚಾರವನ್ನಲ್ಲ, ಅದರ ಚೂರುಗಳನ್ನು. ಗಣಕಯಂತ್ರ ಬಂದಾಗಲೂ ಮೊದಮೊದಲು ಇದೇ ಕ್ರಮ ಮುಂದುವರಿಯಿತು. ಒಂದು ತಂತ್ರಾಂಶದಲ್ಲಿ ಮೂಡಿಸಿದ ಬರಹ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೆರೆಗಳಾಗಿ ಕಾಣುತ್ತಿತ್ತು.

ಆಕಾರ ಬಿಟ್ಟು ಧ್ವನಿ ಹಿಡಿದವರು

ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್ ಈ ತೊಡಕನ್ನು ಬೇರೆ ಕಡೆಯಿಂದ ನೋಡಿದರು. ಅವರು ಓದಿದ್ದು ವಿಜ್ಞಾನ. ಮುಂಬೈಯಲ್ಲಿ ಟಾಟಾ ಪ್ರೆಸ್, ಮುಂದೆ ಮೋನೋಟೈಪ್ ಸಂಸ್ಥೆಗಳಲ್ಲಿ ದುಡಿಯುತ್ತ ಅಕ್ಷರ ಜೋಡಣೆಯ ಒಳಹೊರಗನ್ನು ಕಂಡವರು. ಕೈಗೆ ಸಿಕ್ಕ ಹತಾರಕ್ಕೆ ಭಾಷೆಯನ್ನು ಬಗ್ಗಿಸುವ ಬದಲು ಭಾಷೆಯ ಸ್ವಭಾವಕ್ಕೆ ಹತಾರವನ್ನು ಹೊಂದಿಸಬಾರದೇಕೆ? ಕನ್ನಡದ ವರ್ಣಮಾಲೆಯೇ ಧ್ವನಿಯ ಕ್ರಮದಲ್ಲಿದೆಯಲ್ಲ! ವ್ಯಂಜನ, ಅದರ ಮೇಲೆ ಸ್ವರ. ಇಷ್ಟನ್ನು ಮನುಷ್ಯ ಕೊಟ್ಟರೆ ಸಾಕು, ಆಕಾರ ಕೂಡಿಸುವ ಕೆಲಸ ಗಣಕದ್ದು.

ಅವರ ಕೀಲಿಮಣೆಯಲ್ಲಿ ಇಂಗ್ಲಿಷಿನ 26 ಕೀಲಿಗಳೇ ಸಾಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಬೇಕು. ನಡುವಿನ ಎಫ್ ಎರಡು ನಕಾರಗಳನ್ನು ಬೆಸೆಯುವ ಕೊಂಡಿ. ಒತ್ತು ಎಲ್ಲಿ, ಹೇಗೆ ಕೂರಬೇಕೆಂಬುದನ್ನು ತಂತ್ರಾಂಶ ನೋಡಿಕೊಳ್ಳುತ್ತದೆ. ಈ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಕಚೇರಿ, ಶಾಲೆಗಳವರು ಬಳಸುವುದೂ ಇದನ್ನೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು.

ಆಮೆಗೆ ಕನ್ನಡದ ಆದೇಶ

ಬರೆಯುವುದು ಸುಲಭವಾಯಿತು. ಪ್ರೋಗ್ರಾಮನ್ನೇ ಕನ್ನಡದಲ್ಲಿ ಬರೆಯಬಹುದೇ? ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ ಇದಕ್ಕೆ ಕೈಹಾಕಿದರು. ಅಮೆರಿಕದಲ್ಲಿ 1967ರಲ್ಲಿ ಮಕ್ಕಳಿಗಾಗಿಯೇ ರೂಪುಗೊಂಡ ಭಾಷೆ ಲೋಗೋ. ಅದರಲ್ಲಿ ಪರದೆಯ ಮೇಲೊಂದು ಆಮೆ. ನೂರು ಹೆಜ್ಜೆ ಮುಂದೆ ಹೋಗು, ಬಲಕ್ಕೆ 90 ಡಿಗ್ರಿ ತಿರುಗು ಎಂದು ನಾಲ್ಕು ಸಲ ಹೇಳಿದರೆ ಚೌಕ ಬರೆದು ನಿಲ್ಲುತ್ತದೆ. ಆರು ಬಾಹುಗಳ ಆಕೃತಿ ಬೇಕಿದ್ದರೆ ಎಷ್ಟು ಡಿಗ್ರಿ ತಿರುಗಿಸಬೇಕು? 360ನ್ನು ಆರರಿಂದ ಭಾಗಿಸಿ ನೋಡಿ. ಪವನಜರು ಇದನ್ನು ಕನ್ನಡಕ್ಕೆ ತಂದರು. ಕನ್ನಡ ಲೋಗೋಗೆ 2006ರ ಮಂಥನ್ ಪ್ರಶಸ್ತಿ ಬಂತು.

ಪಾಲಕರು ಗಮನಿಸಬೇಕಾದ ಮಾತು ಇಲ್ಲಿದೆ. ಕನ್ನಡ ಮಾಧ್ಯಮದ ಮಗು ಗಣಕದ ಮುಂದೆ ತಡವರಿಸಿದರೆ ಅದಕ್ಕೆ ತರ್ಕ ಬಾರದು ಎಂದು ತೀರ್ಮಾನಿಸಬೇಡಿ. ಅಡ್ಡ ಬಂದಿರುವುದು ಇಂಗ್ಲಿಷಿನ ಆದೇಶದ ಪದ ಇರಬಹುದು. ಕೋನ, ಬಾಹು, ಗುಣಾಕಾರ ಗೊತ್ತಿರುವ ಮಗುವಿಗೆ ಪ್ರೋಗ್ರಾಮಿನ ಮೂಲಪಾಠ ಅರ್ಧ ಬಂದಂತೆಯೇ. ಉದ್ಯೋಗಕ್ಕೆ ಇಂಗ್ಲಿಷ್ ಬೇಕೇ ಬೇಕು, ಅದನ್ನೂ ಕಲಿಯಲಿ. ಆದರೆ ಮೊದಲ ಮೆಟ್ಟಿಲು ತಿಳಿದ ಭಾಷೆಯಲ್ಲಿದ್ದರೆ ಹತ್ತುವ ಧೈರ್ಯ ಬರುತ್ತದೆ. ಇಂದು ಪೈಥಾನ್ 3ರಲ್ಲಿ ಆದೇಶಗಳು ಇಂಗ್ಲಿಷಿನಲ್ಲೇ ಇದ್ದರೂ 'ಉದ್ದ', 'ಅಗಲ' ಎಂದು ಕನ್ನಡದಲ್ಲೇ ಚರಗಳಿಗೆ ಹೆಸರಿಡಬಹುದು.

ಈ ಇಬ್ಬರ ಕೆಲಸದಿಂದ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಇಷ್ಟು: ಹತಾರ ಕೈಗೆ ಒಗ್ಗದಿದ್ದರೆ ಕೈಯನ್ನು ದೂರಬೇಡಿ. ಕೆಲಸದ ಸ್ವಭಾವವನ್ನು ಮತ್ತೊಮ್ಮೆ ಅಭ್ಯಾಸ ಮಾಡಿ, ಬೇರೆ ಹತಾರ ಮಾಡಲು ಬರುವುದೇ ನೋಡಿ.