ಬ್ರಾಡ್‌ಬ್ಯಾಂಡ್ ಸಂಪರ್ಕ: ವರ್ತಕರು ಗಮನಿಸಬೇಕಾದ ಅಂಶಗಳು

ಭಾರತದಲ್ಲಿ ಅಂತರಜಾಲ ಸೇವೆಯು ಸಾರ್ವಜನಿಕರಿಗೆ 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಮೂಲಕ ದೊರೆಯಿತು. ಆಗ ದೂರವಾಣಿಯಿಂದ ಡಯಲ್ ಮಾಡಿ ಸಂಪರ್ಕ ಪಡೆಯಬೇಕಿತ್ತು. ಅಷ್ಟು ಹೊತ್ತು ಅಂಗಡಿಗೆ ಬೇರೆ ಕರೆ ಬರುವಂತಿರಲಿಲ್ಲ. 2004ರ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2023ರಲ್ಲಿ ಈ ಮಿತಿ 2 ಮೆಗಾಬಿಟ್‌ಗೆ ಏರಿತು.

ಎ.ಡಿ.ಎಸ್.ಎಲ್. ತಂತ್ರಜ್ಞಾನವು ಹಳೆಯ ತಾಮ್ರದ ತಂತಿಯಲ್ಲಿಯೇ ಧ್ವನಿಗೂ ದತ್ತಾಂಶಕ್ಕೂ ಪ್ರತ್ಯೇಕ ಆವರ್ತನಗಳನ್ನು ಬಳಸಿ ಕರೆಯ ತೊಡಕನ್ನು ನಿವಾರಿಸಿತು. ಆದರೆ ದೂರವಾಣಿ ವಿನಿಮಯ ಕೇಂದ್ರದಿಂದ ದೂರವಾದಂತೆ ವೇಗ ಕುಗ್ಗುತ್ತಿದ್ದುದರಿಂದ ಊರ ಹೊರಗಿನ ಕಾರ್ಖಾನೆಗಳಿಗೆ ಅದರ ಪ್ರಯೋಜನ ಕಡಿಮೆ. ಆಪ್ಟಿಕಲ್ ಫೈಬರ್ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ.

ಹೀಗಿದ್ದರೂ ಜಾಹೀರಾತಿನ ವೇಗವೊಂದನ್ನೇ ನೋಡಿ ಸಂಪರ್ಕ ಪಡೆಯುವುದು ಜಾಣತನವಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ಇತರ ನೋಂದಾಯಿತ ವರ್ತಕರಿಗೆ ಮಾರುವಾಗ ಇ-ಇನ್‌ವಾಯ್ಸ್ ನೀಡುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಇದಕ್ಕೆ ಬೇಕಾಗುವ ದತ್ತಾಂಶ ಅತ್ಯಲ್ಪ. ಆದರೆ ಆ ಹೊತ್ತಿಗೆ ಸಂಪರ್ಕ ಕಡಿದರೆ ಬಿಲ್ಲು ಸಿಂಧುವಾಗದು. ಸರಕು ತುಂಬಿದ ಲಾರಿ ಗೇಟಿನಲ್ಲಿಯೇ ನಿಲ್ಲುತ್ತದೆ. ಆದುದರಿಂದ ಅತಿವೇಗದ ಒಂದು ಸಂಪರ್ಕಕ್ಕಿಂತ ಸಾಧಾರಣ ವೇಗದ ಎರಡು ಸಂಪರ್ಕಗಳು ಲೇಸು. ಎರಡನೆಯದು ಮೊಬೈಲ್ ಜಾಲದ್ದಾಗಿರಲಿ: ಒಂದೇ ಹಾದಿಯಲ್ಲಿ ಬರುವ ಎರಡು ಕೇಬಲ್‌ಗಳನ್ನು ರಸ್ತೆ ಅಗೆಯುವ ಯಂತ್ರ ಒಟ್ಟಿಗೇ ಕತ್ತರಿಸೀತು.

ಸಂಪರ್ಕದ ಬಿಲ್ಲು ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯಲ್ಲಿದ್ದರೆ, ರಾಜಿ ತೆರಿಗೆ ಪದ್ಧತಿಯಲ್ಲಿರುವವರನ್ನುಳಿದು ಇತರರು ಅದರ ಮೇಲಿನ ಶೇ. 18ರ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಅನೇಕ ಕಡೆ ಬಿಲ್ಲು ಮಾಲೀಕರ ಮನೆಯ ವಿಳಾಸಕ್ಕೇ ಬರುತ್ತಿರುತ್ತದೆ.