ಒಂದೇ ಅಳತೆಯ ಹಳಿ, ಹಲವು ಮನೆಯ ಡಬ್ಬಿ

ನಿಮ್ಮ ಮನೆಯ ಶೋಕೇಸನ್ನು ಒಮ್ಮೆ ತೆರೆದು ನೋಡಿರಿ. ಗಾಜಿನ ಲೋಟಗಳು, ಮಕ್ಕಳಿಗೆ ಶಾಲೆಯಲ್ಲಿ ಸಿಕ್ಕ ಬಹುಮಾನಗಳು. ಅವುಗಳ ಪಕ್ಕದಲ್ಲಿ ದುಬೈಯಿಂದಲೋ ರಿಯಾದಿನಿಂದಲೋ ಮಾಮಾ ತಂದುಕೊಟ್ಟ ಒಂದು ಆಟದ ರೈಲು. ತಂದ ದಿನ ಅದು ನಾಲ್ಕು ಸುತ್ತು ಓಡಿರುತ್ತದೆ. ಮರುದಿನದಿಂದ "ಮುಟ್ಟಬ್ಯಾಡ, ಮುರದೀತು" ಎಂಬ ಎಚ್ಚರಿಕೆ, ಅದರ ಮೇಲೊಂದು ಬೀಗ. ನೆರೆಮನೆಯ ಹುಡುಗ ಬಂದರೆ ಗಾಜಿಗೆ ಮೂಗು ಒತ್ತಿ ನೋಡಬೇಕು. ರೈಲು ನಮ್ಮ ಮಗುವಿನದು, ಆದರೆ ನಮ್ಮ ಮಗುವಿಗೂ ಅದರ ಸುಖವಿಲ್ಲ.

ಜಗತ್ತಿನಲ್ಲಿ ಲಕ್ಷಾಂತರ ಜನ ದೊಡ್ಡವರೂ ಮಕ್ಕಳೂ ಈ ಪುಟ್ಟ ರೈಲುಗಳನ್ನು ಹವ್ಯಾಸವಾಗಿ ಇಟ್ಟುಕೊಂಡಿದ್ದಾರೆ. ಇಂಜಿನ್, ಡಬ್ಬಿ, ಹಳಿ ಮಾತ್ರವಲ್ಲ; ಹಳಿಯ ಪಕ್ಕದ ನಿಲ್ದಾಣ, ಸೇತುವೆ, ಬೇವಿನ ಮರ, ಚಹಾದ ಅಂಗಡಿ ಎಲ್ಲವನ್ನೂ ಚಿಕ್ಕದಾಗಿ ಕಟ್ಟುತ್ತಾರೆ. ಈ ಹವ್ಯಾಸ ಇಷ್ಟು ಕಾಲ ಬಾಳಿರುವುದಕ್ಕೆ ಮುಖ್ಯ ಕಾರಣ ಬೀಗವಲ್ಲ, ಹಂಚಿಕೆ. ಅದನ್ನು ತಿಳಿದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲೂ ಹೆಚ್ಚು ಖರ್ಚಿಲ್ಲದೆ ಇದನ್ನು ಮಾಡಬಹುದು.

ಒಬ್ಬ ತಾಯಿ ಉಳಿಸಿದ ಅಂಗಡಿ

ಜರ್ಮನಿಯ ಗೊಪಿಂಗನ್ ಎಂಬ ಊರಿನಲ್ಲಿ 1859ರಲ್ಲಿ ಮಾರ್ಕ್ಲಿನ್ ಎಂಬ ಕುಟುಂಬ ತಗಡಿನ ಆಟಿಕೆಗಳ ಕೆಲಸ ಆರಂಭಿಸಿತು. ಮೊದಲು ಮಾಡಿದ್ದು ಗೊಂಬೆಮನೆಯ ಅಡಿಗೆ ಸಾಮಾನು. 1866ರಲ್ಲಿ ಯಜಮಾನ ತೀರಿಕೊಂಡಾಗ ಅವರ ಪತ್ನಿ ಕ್ಯಾರೊಲಿನ್ ಧೈರ್ಯಗೆಡದೆ ವ್ಯಾಪಾರವನ್ನು ಉಳಿಸಿಕೊಂಡರು. ಊರೂರು ತಿರುಗಿ ಸಾಮಾನು ಮಾರಿದ ಹೆಣ್ಣುಮಗಳು ಆಕೆ. 1888ರಲ್ಲಿ ಗಂಡುಮಕ್ಕಳು ಅದನ್ನು ವಹಿಸಿಕೊಂಡರು. 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅವರು ತಂದಿಟ್ಟ ಆಟದ ರೈಲಿಗೆ ಒಂದು ವಿಶೇಷವಿತ್ತು. ಹಳಿಗಳ ಅಗಲಕ್ಕೆ ಅವರು ಗೊತ್ತಾದ ಅಳತೆಗಳನ್ನು ಇಟ್ಟು, ಅವುಗಳಿಗೆ ನಂಬರು ಕೊಟ್ಟಿದ್ದರು. ಇಂದು ಇಂಜಿನ್ ಕೊಂಡವರು ಬರುವ ವರ್ಷ ಇನ್ನೊಂದು ಡಬ್ಬಿ, ಅದರ ಮರುವರ್ಷ ನಾಲ್ಕು ತುಂಡು ಹಳಿ ಕೊಂಡು ಸೇರಿಸಬಹುದು. ಅದೇ ಅಳತೆಯ ರೈಲು ಪಕ್ಕದ ಮನೆಯಲ್ಲಿದ್ದರೆ ಅವರ ಡಬ್ಬಿಯೂ ನಮ್ಮ ಹಳಿಯ ಮೇಲೆ ಓಡುತ್ತದೆ.

ಆದರೂ ಬೇರೆ ಬೇರೆ ಕಂಪೆನಿಗಳ ಗಾಲಿ, ಕೊಂಡಿಗಳು ಒಂದಕ್ಕೊಂದು ಹೊಂದದೆ ಬಹಳ ಕಾಲ ತೊಂದರೆಯಿತ್ತು. ಅಮೆರಿಕದ ಹವ್ಯಾಸಿಗಳು 1935ರಲ್ಲಿ ಒಂದು ರಾಷ್ಟ್ರೀಯ ಸಂಘ ಕಟ್ಟಿ ಗಾಲಿ, ಹಳಿಗಳಿಗೆ ಸಾಮಾನ್ಯ ನಿಯಮ ಮಾಡಿದ ಮೇಲೆ ಇದು ಸುಲಭವಾಯಿತು. ಇಂದು ಹೆಚ್ಚು ಪ್ರಚಲಿತವಾದ 'ಎಚ್‌ಒ' ಎಂಬ ಅಳತೆಯಲ್ಲಿ ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಗಾತ್ರವಿರುತ್ತದೆ, ಹಳಿಯ ಅಗಲ 16.5 ಮಿಲಿಮೀಟರ್.

ಇಲ್ಲೊಂದು ಸೂಕ್ಷ್ಮ ಗಮನಿಸಿರಿ. ಈ 16.5 ಮಿಲಿಮೀಟರ್ ಯುರೋಪು, ಅಮೆರಿಕದ ಹಳಿಯ ಲೆಕ್ಕ. ನಮ್ಮ ಭಾರತದ ಬ್ರಾಡ್‌ಗೇಜ್ ಅದಕ್ಕಿಂತ ಅಗಲ. ಕರಾರುವಾಕ್ಕಾಗಿ ಮಾಡಿದರೆ ಸುಮಾರು 19 ಮಿಲಿಮೀಟರ್ ಬೇಕು. ಹಾಗಿದ್ದರೂ ನಮ್ಮ ದೇಶದ ಹವ್ಯಾಸಿಗಳು ಸಾಮಾನ್ಯವಾಗಿ ತಮ್ಮ ನೀಲಿ ಡಬ್ಬಿಗಳನ್ನು 16.5ರ ಹಳಿಯ ಮೇಲೆಯೇ ಓಡಿಸುತ್ತಾರೆ. ಏಕೆ? ನನ್ನದೇ ಸರಿಯಾದ ಅಳತೆ ಎಂದು ಪ್ರತಿಯೊಬ್ಬರೂ ಹಠ ಹಿಡಿದರೆ ಒಬ್ಬರ ರೈಲು ಇನ್ನೊಬ್ಬರ ಮನೆಗೆ ಹೋಗಲಾರದು. ಎರಡೂವರೆ ಮಿಲಿಮೀಟರ್ ಬಿಟ್ಟುಕೊಟ್ಟರೆ ಒಂದು ಬಳಗವೇ ಸಿಗುತ್ತದೆ. ಸಂಸಾರ ನಡೆಸುವ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ!

ನಮ್ಮ ಜಿಲ್ಲೆಯೇ ಕಲಿತ ಪಾಠ

ಅಳತೆ ಬೇರೆಯಾದರೆ ಏನಾಗುತ್ತದೆಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹೋಗುವ ಮಾರ್ಗ 1884ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ್ದು ಸದರ್ನ್ ಮರಾಠಾ ರೈಲ್ವೆ ಕಂಪೆನಿ. ಅದು ಮೀಟರ್‌ಗೇಜ್, ಅಂದರೆ ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಸೊಲ್ಲಾಪುರದ ದೊಡ್ಡ ಮಾರ್ಗವೋ ಬ್ರಾಡ್‌ಗೇಜ್, ಐದು ಅಡಿ ಆರು ಇಂಚು. ಮುಂಬಯಿಗೆ ಹೋಗುವವರು ಮಕ್ಕಳು, ಗಂಟು, ಬುತ್ತಿ ಸಮೇತ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ಜೋಳದ ಚೀಲಗಳನ್ನು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕಿತ್ತು. 2008ರ ಹೊತ್ತಿಗೆ ಗದಗಿನವರೆಗೂ ಮಾರ್ಗ ಬ್ರಾಡ್‌ಗೇಜ್ ಆಯಿತು. ಈಗ ಎಲ್ಲಿಯದೋ ಗಣಿಯ ಕಲ್ಲಿದ್ದಲು ಹೊತ್ತ ಮಾಲ್‌ಗಾಡಿ ನೇರವಾಗಿ ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಬಂದು ನಿಲ್ಲುತ್ತದೆ.

ಈ ಮಾರ್ಗದಲ್ಲಿ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂಬ ನಿಲ್ದಾಣಗಳಿವೆ. ಹೆಸರಿನಲ್ಲಿ 'ರೋಡ್' ಇದ್ದರೆ ಊರು ಅಲ್ಲಿಂದ ದೂರವಿದೆ ಎಂದೇ ಅರ್ಥ. ಸಿಂದಗಿ, ಮುದ್ದೇಬಿಹಾಳದ ಮಕ್ಕಳಿಗಂತೂ ಆ ಭಾಗ್ಯವೂ ಇಲ್ಲ. ರೈಲು ನೋಡಬೇಕಾದರೆ ಬಸ್ಸು ಹತ್ತಿ ಬೇರೆ ಊರಿಗೇ ಹೋಗಬೇಕು. ಮೀಟರ್‌ಗೇಜ್ ಗಾಡಿಯ ನೆನಪು ಅಜ್ಜ-ಅಜ್ಜಿಯರಲ್ಲಿ ಮಾತ್ರ ಉಳಿದಿದೆ. ಅವರು ಹೋದ ಮೇಲೆ ಅದನ್ನು ಹೇಳುವವರಾರು?

ಹವ್ಯಾಸಿಗಳು ಹೇಗೆ ಹಂಚಿಕೊಳ್ಳುತ್ತಾರೆ?

ಮೊದಲನೆಯದು, ಹಲಗೆ ಜೋಡಿಸುವ ಕ್ರಮ. ಇಡೀ ಊರನ್ನು ಒಬ್ಬರೇ ಕಟ್ಟುವುದಿಲ್ಲ. ಒಬ್ಬೊಬ್ಬರು ಒಂದೊಂದು ಹಲಗೆಯ ಮೇಲೆ ತಮಗಿಷ್ಟವಾದ ದೃಶ್ಯ ಮಾಡುತ್ತಾರೆ. ಒಬ್ಬರದು ನಿಲ್ದಾಣವಾದರೆ ಇನ್ನೊಬ್ಬರದು ಹೊಳೆ. ಹಲಗೆಯ ಅಂಚಿನಲ್ಲಿ ಹಳಿ ಎಲ್ಲಿ ಮುಗಿಯಬೇಕು, ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೆ ಮಾತ್ರ ಎಲ್ಲರಿಗೂ ಒಂದೇ ನಿಯಮ. ಕೂಡಿದ ದಿನ ಹಲಗೆಗಳನ್ನು ಸಾಲಾಗಿ ಜೋಡಿಸಿದರೆ ಉದ್ದನೆಯ ರೈಲುಮಾರ್ಗ ಸಿದ್ಧ.

ಎರಡನೆಯದು, ಚೀಟಿಯ ಆಟ. ಪ್ರತಿಯೊಂದು ಡಬ್ಬಿಗೆ ಒಂದು ಚೀಟಿ. ಅದರಲ್ಲಿ ಯಾವ ಸಾಮಾನು, ಎಲ್ಲಿಂದ ಎಲ್ಲಿಗೆ ಎಂದು ಬರೆದಿರುತ್ತದೆ. ಚೀಟಿಯಂತೆ ಡಬ್ಬಿಯನ್ನು ಸರಿಯಾದ ನಿಲ್ದಾಣಕ್ಕೆ ಮುಟ್ಟಿಸುವುದೇ ಆಟ. ಇಲ್ಲಿ ಗೆದ್ದವರು, ಸೋತವರು ಇಲ್ಲ. ಎಲ್ಲರೂ ಕೂಡಿ ಕೆಲಸ ಮುಗಿಸಬೇಕು.

ಮೂರನೆಯದು, ಬಂದವರಿಗೆ ತೋರಿಸುವುದು. ಪುಣೆಯ ಕೋಥರೂಡಿನಲ್ಲಿ ಜೋಶಿ ಎಂಬುವರು ತಮ್ಮ ಹವ್ಯಾಸದ ರೈಲುಗಳನ್ನು 1998ರಲ್ಲಿ ಸಾರ್ವಜನಿಕರಿಗಾಗಿ ವಸ್ತುಸಂಗ್ರಹಾಲಯವಾಗಿ ತೆರೆದರು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಅವಳಿ ಸಹೋದರರು 2001ರಲ್ಲಿ ತೆರೆದ ಪುಟ್ಟ ಲೋಕವನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಇವರು ಕೂಡಿಟ್ಟುಕೊಂಡದ್ದಕ್ಕಿಂತ ತೋರಿಸಿದ್ದರಿಂದಲೇ ಹೆಸರಾದರು.

ನಮ್ಮ ಮನೆಯಲ್ಲಿ

ವಿದೇಶಿ ಇಂಜಿನ್‌ಗಳಿಗೆ ಸಾವಿರಾರು ರೂಪಾಯಿ ಬೆಲೆ. ನಮಗೆ ಆ ದುಂದು ಬೇಡ. ಜೋಳದ ದಂಟಿನ ಬೆಂಡಿನಿಂದ ಚಕ್ಕಡಿ ಮಾಡಿದ ಕೈಗಳು ನಮ್ಮವು. ರಟ್ಟು, ಬೆಂಕಿಪೆಟ್ಟಿಗೆ, ಗುಂಡಿ, ಗೋಂದು ಸಾಕು.

ಅಳತೆಯನ್ನು ನೂರಕ್ಕೆ ಒಂದು ಎಂದು ಇಟ್ಟುಕೊಳ್ಳಿರಿ. ಒಂದು ಮೀಟರ್ ಅಂದರೆ ಒಂದು ಸೆಂಟಿಮೀಟರ್. ಮೂರನೆಯ ತರಗತಿಯ ಮಗುವೂ ಸ್ಕೇಲ್ ಹಿಡಿದು ಲೆಕ್ಕ ಮಾಡಬಲ್ಲದು. ಹಳೆಯ ನೀಲಿ ಬಣ್ಣದ ಪ್ರಯಾಣಿಕರ ಡಬ್ಬಿಯ ಉದ್ದ ಸುಮಾರು 21.3 ಮೀಟರ್, ಅಗಲ 3.25 ಮೀಟರ್. ನಮ್ಮ ರಟ್ಟಿನ ಡಬ್ಬಿ 21.3 ಸೆಂಟಿಮೀಟರ್ ಉದ್ದ, ಮೂರೂಕಾಲು ಸೆಂಟಿಮೀಟರ್ ಅಗಲ. ಅಜ್ಜನ ಕಾಲದ ಮೀಟರ್‌ಗೇಜ್ ಹಳಿ ಸರಿಯಾಗಿ ಒಂದು ಸೆಂಟಿಮೀಟರ್. ಇಂದಿನ ಬ್ರಾಡ್‌ಗೇಜ್ ಸುಮಾರು 1.7. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಅಜ್ಜನ ಮುಂದಿಡಿರಿ. ಆಮೇಲೆ ಅವರ ಬಾಯಿಂದ ಬರುವ ಕಥೆಗಳನ್ನು ನೀವೇ ಕೇಳಿರಿ.

ಹಲಗೆಯ ಬದಲು ಎಲ್ಲ ಮನೆಗಳೂ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ದಪ್ಪ ರಟ್ಟು ಇಟ್ಟುಕೊಳ್ಳಲಿ. ಹಳಿ ಎರಡೂ ಕಡೆ ಅಂಚಿನ ನಟ್ಟನಡುವೆ ಬರಲಿ. ಇಂಡಿಯ ಮನೆಯವರು ಲಚ್ಯಾಣದ ಬಳಿಯ ಭೀಮಾ ಸೇತುವೆ, ಲಿಂಬೆ ತೋಟ ಮಾಡಲಿ. ಬಾಗೇವಾಡಿಯವರು ಕೂಡಗಿಯ ಚಿಮಣಿ ಮಾಡಲಿ. ಸಿಂದಗಿ, ಮುದ್ದೇಬಿಹಾಳದ ಮಕ್ಕಳು ತಮ್ಮ ಊರಿಗೆ ಇನ್ನೂ ಬಾರದ ನಿಲ್ದಾಣವನ್ನೇ ಕಟ್ಟಲಿ. ಹಳದಿ ಫಲಕದ ಮೇಲೆ ಕಪ್ಪು ಅಕ್ಷರಗಳಲ್ಲಿ ಊರಿನ ಹೆಸರು ಬರೆಯಲಿ. ರಜೆಯಲ್ಲಿ ನೆಂಟರು ಕೂಡಿದಾಗ ನಾಲ್ಕೂ ರಟ್ಟುಗಳನ್ನು ಜೋಡಿಸಿದರೆ, ಭೂಪಟದಲ್ಲಿಲ್ಲದ ಮಾರ್ಗವೊಂದು ನಿಮ್ಮ ಪಡಸಾಲೆಯಲ್ಲಿ ಇರುತ್ತದೆ. ಚೀಟಿಗಳಲ್ಲಿ ಇಂಡಿಯ ಲಿಂಬೆ, ಸಿಂದಗಿಯ ತೊಗರಿ ಎಂದು ಬರೆದು ಡಬ್ಬಿಗಳನ್ನು ಕಳಿಸಲಿ.

ಹೆಣ್ಣುಮಕ್ಕಳನ್ನು "ಇದು ಹುಡುಗರ ಆಟ" ಎಂದು ದೂರ ಕೂರಿಸಬೇಡಿರಿ. ಹೊಲಿಗೆಯಲ್ಲಿ ಉಳಿದ ಹಸಿರು ಬಟ್ಟೆಯಿಂದ ಹೊಲ, ಹಳೆಯ ಸ್ಪಂಜಿನಿಂದ ಗಿಡ, ಜರಿಯ ನೂಲಿನಿಂದ ಹೊಳೆಯ ನೀರು ಮಾಡುವ ಕೈಚಳಕ ಅವರಲ್ಲಿದೆ. ಅಳತೆ, ಲೆಕ್ಕ ಅವರೂ ಕಲಿಯಬೇಕಲ್ಲವೇ?

ಕೊಡುವಾಗ, ತರುವಾಗ

ಹಂಚಿಕೊಳ್ಳುವುದಕ್ಕೂ ಶಿಸ್ತು ಬೇಕು. ಹವ್ಯಾಸಿಗಳು ತಮ್ಮ ಡಬ್ಬಿಯ ಅಡಿಭಾಗದಲ್ಲಿ ಗುರುತು ಹಾಕಿರುತ್ತಾರೆ. ಆಟ ಮುಗಿದ ಮೇಲೆ ಯಾರದು ಯಾರಿಗೆ ಎಂಬ ಜಗಳವಿಲ್ಲ. ನಿಮ್ಮ ಮಕ್ಕಳಿಗೂ ಇದನ್ನು ಕಲಿಸಿರಿ. ಇನ್ನೊಬ್ಬರ ಡಬ್ಬಿ ನಮ್ಮ ಕೈಯಲ್ಲಿ ಅಮಾನತ್ತು. ಕೇಳಿ ಮುಟ್ಟಬೇಕು, ಎರಡೂ ಬದಿ ಹಿಡಿದು ಎತ್ತಬೇಕು, ಗಾಲಿ ಕಳಚಿದರೆ ಬಚ್ಚಿಡದೆ ಹೇಳಬೇಕು. ಕೊಟ್ಟವರೂ ಗಾಲಿ ಕಳಚಿತೆಂದು ಸ್ನೇಹ ಕಳಚಬಾರದು. ಒಂದು ತೊಟ್ಟು ಗೋಂದಿನಿಂದ ಸರಿಹೋಗುವ ಮಾತು ಅದು.

ಇನ್ನೊಂದು ಮಾತು. ಯಾರ ಮನೆಯ ಮಗು ಬೆಂಕಿಪೆಟ್ಟಿಗೆಯ ಡಬ್ಬಿ ತಂದರೂ ಅದನ್ನು ವಿದೇಶಿ ಇಂಜಿನ್ನಿನ ಹಿಂದೆಯೇ ಜೋಡಿಸಲು ಹೇಳಿರಿ. ಕೊಂಡಿ ಹೊಂದಿದರೆ ಸಾಕು, ಬೆಲೆ ಕೇಳುವುದು ಬೇಡ. ಮೊಬೈಲ್ ಹಿಡಿದು ಮೂಲೆಯಲ್ಲಿ ಒಂಟಿಯಾಗಿ ಕೂಡುವ ಮಗುವಿಗೆ ಇನ್ನೊಬ್ಬರ ಜೊತೆ ಕೂಡಿ ಕೆಲಸ ಮಾಡುವ ಸುಖ ಇದರಿಂದ ಸಿಗುತ್ತದೆ. ಬೀಗ ಹಾಕಿಟ್ಟ ರೈಲು ಎಷ್ಟು ವರ್ಷ ಹೊಸದಾಗಿ ಉಳಿದರೂ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಸಹೋದರಿಯರೇ, ಶೋಕೇಸಿನ ಕೀಲಿ ನಿಮ್ಮ ಕೈಯಲ್ಲಿದೆ. ಬರುವ ರವಿವಾರ ಅದನ್ನು ತೆರೆಯಿರಿ. ರೈಲನ್ನು ಪಡಸಾಲೆಗೆ ತಂದಿಟ್ಟು, ನೆರೆಮನೆಯ ಮಗುವನ್ನೂ ಕರೆಯಿರಿ.